ತುಂಬುಹೊಟ್ಟೆಯ ಕುದುರೆ

ಶಾಲೆಗೆ ಅರವತ್ತು ವರ್ಷ ತುಂಬಿತು, ಪುಸ್ತಕ ತರುತ್ತಿದ್ದೇವೆ, ಅದಕ್ಕೆ ಜಾಂಬಲನ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಹೊಸ ಹೆಡ್ಮಾಸ್ತರರು ಮನೆಗೇ ಬಂದು ಕೇಳಿದರು. ಜಾಂಬಲ್ ಅಂದರೆ ಶಾಲೆಯ ಬಾಯ್ಲರಿಗೆ ಕಲ್ಲಿದ್ದಲು ತುಂಬುತ್ತಿದ್ದವನು. ನಾನು, ಷಾಗ್ದರ್, ಅದೇ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸಾಹಿತ್ಯ ಕಲಿಸಿದವನು. ನನ್ನ ಬಗ್ಗೆ ಯಾರು ಬರೆಯುತ್ತಿದ್ದಾರೆ ಎಂದು ಕೇಳಬೇಕೆನಿಸಿತು. ಹಾಲು ಉಪ್ಪು ಹಾಕಿದ ಚಹಾ ಕೊಟ್ಟು ಕಳಿಸಿದೆ. ಅವರು ಬಾಗಿಲು ದಾಟಿದ ಮೇಲೆ ಹೊಟ್ಟೆ ಉರಿಯಿತು. ಹೋದ ಚಳಿಗಾಲದಲ್ಲಿ ತೀರಿಕೊಂಡವನ ಮೇಲೆ ಈಗಲೂ ಹೊಟ್ಟೆಕಿಚ್ಚು ಪಡುವವನು ನಮ್ಮ ಹೋಬಳಿಯಲ್ಲಿ ನಾನೊಬ್ಬನೇ ಇರಬೇಕು.

ನಮ್ಮದು ರಾಜಧಾನಿ ಉಲಾನ್‌ಬಾತರಿನಿಂದ ಎರಡು ದಿನದ ದಾರಿ. ಇಟ್ಟಿಗೆಯ ಶಾಲೆ, ಇಟ್ಟಿಗೆಯ ಆಸ್ಪತ್ರೆ, ನೂರಿಪ್ಪತ್ತು ಗುಡಾರ, ಮಿಕ್ಕಿದ್ದೆಲ್ಲ ಹುಲ್ಲು. ಜಾಂಬಲ್ ಹುಟ್ಟಿದ್ದು ಆ ಹುಲ್ಲಿನ ಆಚೆ ತುದಿಯಲ್ಲಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ. ಅಜ್ಜಿಯ ಕುರಿ ಕಾದ, ಕಲ್ಲಿದ್ದಲ ಲಾರಿಯಲ್ಲಿ ದುಡಿದ, ಕೊನೆಗೆ ಶಾಲೆಯ ಹಿಂಬದಿಯ ನೆಲಮಾಳಿಗೆಯ ಬಾಯ್ಲರ್ ಕೋಣೆಗೆ ಬಂದು ನಿಂತ. ಲಾರಿಯ ದಿನಗಳಲ್ಲಿ ಒಂದು ಕೈಯ ಎರಡು ಬೆರಳು ಚಳಿಗೆ ಸೆಟೆದು ಉದುರಿಹೋಗಿದ್ದವು. ಹೇಗೆ ಹೋದವು ಎಂದು ಮಕ್ಕಳು ಕೇಳಿದರೆ, "ಅವಕ್ಕೆ ಇಲ್ಲಿನ ಚಳಿ ಆಗಿಬರಲಿಲ್ಲ, ಕೊಕ್ಕರೆ ಜತೆ ದಕ್ಷಿಣಕ್ಕೆ ಹೋಗಿವೆ, ವಸಂತಕ್ಕೆ ಬರ್ತವೆ" ಅನ್ನುತ್ತಿದ್ದ. ಮಕ್ಕಳು ಪ್ರತಿ ವಸಂತದಲ್ಲೂ ಹೋಗಿ ಬಂದವಾ ಎಂದು ಕೇಳುತ್ತಿದ್ದವು. ಈ ಸಲ ಒಂದು ಬಂದಿತ್ತು, ಇನ್ನೊಂದನ್ನ ಕರೆಯೋಕೆ ವಾಪಸ್ ಹೋಯ್ತು ಅನ್ನುತ್ತಿದ್ದ.

ಇದಕ್ಕೆ ನಗುವುದೇನಿದೆ? ಆದರೆ ಜನ ನಗುತ್ತಿದ್ದರು. ನನ್ನ ಹೆಂಡತಿ ದುಲ್ಮಾ ಶಾಲೆಯ ಹಾಸ್ಟೆಲಿನ ಅಡುಗೆಯವಳು. ಅವಳು ಮಾಡಿದ ಕುರಿಮಾಂಸದ ಹಿಟ್ಟಿನೆಳೆಯ ಸಾರನ್ನು ಹದಿನಾರು ವರ್ಷ ಉಂಡು ನಾನು ಚೆನ್ನಾಗಿದೆ ಎಂದಿದ್ದೆ. ಜಾಂಬಲ್ ಒಂದು ದಿನ ಉಂಡು ಹೋಗಿ, ಮೂರು ದಿನ ಬಿಟ್ಟು ಬಂದು ಹೇಳಿದ: "ಅಕ್ಕಾ, ನಿಮ್ಮ ಸಾರು ಕುಡಿದು ಮನೆಗೆ ಹೋದೆ ನೋಡಿ, ಮೂರು ದಿನದಿಂದ ನಮ್ಮ ನಾಯಿ ನನ್ನ ಮೀಸೆ ಬಿಟ್ಟು ಕುರಿ ಕಾಯೋಕೆ ಹೋಗಿಲ್ಲ." ದುಲ್ಮಾ ಸೌಟು ಕೆಳಗಿಟ್ಟು ನಕ್ಕಳು. ಆ ನಗುವನ್ನು ನಾನು ಮದುವೆಯ ದಿನವೂ ಕೇಳಿರಲಿಲ್ಲ. ಆಮೇಲೆ ಅವಳು ಸಾರಿಗೆ ಮೆಣಸು ಹಾಕುವಾಗಲೆಲ್ಲ ತನ್ನಷ್ಟಕ್ಕೆ ತಾನೇ ನಗುವುದನ್ನು ಕಂಡಿದ್ದೇನೆ.

ಹೆಂಡತಿಯ ನಗುವನ್ನಾದರೂ ನುಂಗಿಕೊಂಡೆ. ಮಗಳ ವಿಷಯ ಬೇರೆ. ಮಿಚಿದ್‌ಗೆ ಆಗ ಎಂಟು ವರ್ಷ. ಶಾಲೆ ಬಿಟ್ಟರೆ ಮನೆಗೆ ಬರುತ್ತಿರಲಿಲ್ಲ. ಬಾಯ್ಲರ್ ಕೋಣೆಯ ಮರಳಿನ ಡಬ್ಬದ ಮೇಲೆ ಕೂತು, ಮೊಣಕಾಲ ಮೇಲೆ ಗಲ್ಲ ಇಟ್ಟುಕೊಂಡು, ಬಾಯಿ ತೆರೆದು ಅವನ ಮಾತು ಕೇಳುತ್ತಿದ್ದಳು. ನಾನು ಕರೆಯಲು ಹೋದರೆ ನನ್ನ ಕಡೆ ತಿರುಗುವ ಹೊತ್ತಿಗೆ ಬಾಯಿ ಮುಚ್ಚಿಕೊಂಡಿರುತ್ತಿತ್ತು. ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ನನ್ನ ಮಗಳು ಒಂದು ಸಲ, ಒಂದೇ ಒಂದು ಸಲ, ಹಾಗೆ ಬಾಯಿ ತೆರೆದು ನನ್ನ ಮಾತು ಕೇಳಬೇಕಿತ್ತು.

ಅದೇ ವರ್ಷ ಏಳನೇ ತರಗತಿಗೆ ನಾನು ಅತಿಶಯೋಕ್ತಿಯ ಪಾಠ ಮಾಡುತ್ತಿದ್ದೆ. ಇದ್ದದ್ದನ್ನು ಇರುವುದಕ್ಕಿಂತ ಮಿಗಿಲಾಗಿ ಹೇಳಿ ಭಾವವನ್ನು ಎತ್ತರಿಸುವ ಕಾವ್ಯದ ಅಲಂಕಾರ ಎಂದು ಬರೆಸಿದೆ. ಮಕ್ಕಳು ಒಂದೇ ದನಿಯಲ್ಲಿ ಓದಿ ಒಪ್ಪಿಸಿದರು. ಉದಾಹರಣೆ ಕೊಡಿ ಅಂದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಹೋದ ಜನವರೀಲಿ ಎಷ್ಟು ಚಳಿ ಅಂದ್ರೆ, ಒಲೇಲಿದ್ದ ಬೆಂಕಿ ಎದ್ದು ಜಾಂಬಲ್ ಮಾಮನ ಹತ್ರ ಬಂದು ಕೈ ಕಾಯಿಸ್ಕೊಳ್ತು ಸಾರ್" ಅಂದ. ತರಗತಿ ಗೊಳ್ಳೆಂದಿತು. ಬಾಯ್ಲರಿನ ಬಿಸಿನೀರಿನ ಕೊಳವೆ ನನ್ನ ತರಗತಿಯ ಗೋಡೆ ತೂರಿಯೇ ಬರುತ್ತಿತ್ತು. ಸುತ್ತ ಒಂದು ಕೈ ಹೋಗುವಷ್ಟು ಕಂಡಿ. ಜಾಂಬಲನ ಮಾತುಗಳೆಲ್ಲ ಆ ಕಂಡಿಯಿಂದ ನನ್ನ ಪಾಠದೊಳಕ್ಕೆ ಬರುತ್ತಿದ್ದವು. ಕೊಳವೆಯ ಪಕ್ಕದ ಜಾಗಕ್ಕೆ ಮಕ್ಕಳು ಜಗಳವಾಡುತ್ತಿದ್ದದ್ದು ಬಿಸಿಗಾಗಿ ಎಂದು ನಾನು ಅಷ್ಟು ದಿನ ತಿಳಿದಿದ್ದೆ.

ಅದು ಅತಿಶಯೋಕ್ತಿಯಲ್ಲ, ಸುಳ್ಳು ಎಂದು ಗದರಿದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ಆ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. "ಕವಿ ಹೇಳಿದ್ರೆ ಅತಿಶಯೋಕ್ತಿ, ಕಂಡಕಂಡವರು ಹೇಳಿದ್ರೆ ಸುಳ್ಳು. ಕೂತ್ಕೋ" ಅಂದೆ. ಅದನ್ನೂ ಮಕ್ಕಳು ಬರೆದುಕೊಂಡರು. ಕೆಳಗೆ ಸಲಿಕೆಯ ಸದ್ದು ನಿಂತಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು. ಕಂಡಿಯಿಂದ ಮಾತು ಇಳಿದೂ ಹೋಗುತ್ತದೆ ಎಂಬುದು ಆಮೇಲೆ ಹೊಳೆಯಿತು.

ನಾನು ಕವಿ ಎಂದುಕೊಳ್ಳಲು ಕಾರಣವಿತ್ತು. ಜುಲೈ ತಿಂಗಳ ನಾದಮ್ ಹಬ್ಬದಲ್ಲಿ, ಕುದುರೆ ಓಟ ಮುಗಿದ ಮೇಲೆ, ಗೆದ್ದ ಕುದುರೆಯ ಮುಂದೆ ನಿಂತು ಅದರ ಹೊಗಳಿಕೆ ಹಾಡುವವನು ನಾನೇ. ಹನ್ನೊಂದು ವರ್ಷದಿಂದ ನಾನೇ. ಅದರ ಗೊರಸು ಸಿಡಿಲು, ಅದರ ಕಣ್ಣು ಬೆಳ್ಳಿಚುಕ್ಕಿ, ಅದರ ಬೆವರು ಸಮುದ್ರ. ನಾನು ಸಮುದ್ರ ನೋಡಿಲ್ಲ, ನಮ್ಮ ಕುದುರೆಗಳೂ ನೋಡಿಲ್ಲ, ಆದರೆ ಹಿಂದಿನವರು ಹಾಗೇ ಹೇಳಿಕೊಂಡು ಬಂದಿದ್ದಾರೆ. ಆ ವರ್ಷ ಮಾತ್ರ ಹೋಬಳಿ ಮುಖ್ಯಸ್ಥರು ನನ್ನನ್ನು ಕರೆಸಿ, ಈ ಸಲ ಜಾಂಬಲನ ಕೈಲಿ ಹಾಡಿಸೋಣವೇ, ಜನ ಕೇಳುತ್ತಿದ್ದಾರೆ ಎಂದರು.

ಮಿಚಿದ್ ಆ ಸಲ ಮೊದಲ ಬಾರಿಗೆ ಓಟಕ್ಕೆ ಇಳಿಯುವವಳಿದ್ದಳು, ನಮ್ಮದೇ ಎರಡು ವರ್ಷದ ಕಂದುಬಣ್ಣದ ಮರಿಯ ಮೇಲೆ. ಇಡೀ ಹೋಬಳಿಯ ಮುಂದೆ ನಾನು ಹಾಡುವುದನ್ನು ಅವಳು ಕುದುರೆಯ ಬೆನ್ನ ಮೇಲಿಂದ ಕೇಳಬೇಕು ಎಂದು ಚಳಿಗಾಲದಿಂದ ಸಾಲು ಕಟ್ಟುತ್ತಿದ್ದೆ. ಅದನ್ನು ಅವನಿಗೆ ಬಿಟ್ಟುಕೊಡುವುದೆ? ಮುಖ್ಯಸ್ಥರು ಸ್ವತಃ ಕುದುರೆ ಪಳಗಿಸುವವರು, ಅವರ ಕುದುರೆಗಳೇ ಹೆಚ್ಚಾಗಿ ಗೆಲ್ಲುತ್ತಿದ್ದವು. ಎಲ್ಲಿ ಚುಚ್ಚಿದರೆ ನೋಯುತ್ತದೆಂದು ನನಗೆ ಗೊತ್ತಿತ್ತು. "ಅವನು ಸುಳ್ಳುಗಾರ ಅಂತ ಮಕ್ಕಳಿಗೂ ಗೊತ್ತು. ಸುಳ್ಳಿನ ನಾಲಿಗೆ ಗೆದ್ದ ಕುದುರೆ ಮೇಲೆ ಆಡಿದ್ರೆ ಅದರ ಕಳೆ ಇಳಿದುಹೋಗುತ್ತೆ ಅಂತ ಹಿರಿಯರು ಅಂತಾರೆ. ಇನ್ನು ನಿಮ್ಮ ಇಷ್ಟ" ಅಂದೆ. ಹಿರಿಯರು ಯಾರೂ ಹಾಗೆ ಅಂದಿಲ್ಲ. ನಾನೇ ಅಂದದ್ದು. ಕಂಡಕಂಡವರ ಸುಳ್ಳು ಅಂದರೆ ಅದು.

ಮುಖ್ಯಸ್ಥರು ಗಾಬರಿಯಾಗಿ ಒಂದು ದಾರಿ ಹುಡುಕಿದರು. ಗೆದ್ದ ಕುದುರೆಗೆ ನಾನು, ಕೊನೆಯ ಕುದುರೆಗೆ ಜಾಂಬಲ್. ಎರಡು ವರ್ಷದ ಮರಿಗಳ ಓಟದಲ್ಲಿ ಎಲ್ಲಕ್ಕಿಂತ ಹಿಂದೆ ಬಂದದ್ದನ್ನು ನಾವು ತುಂಬುಹೊಟ್ಟೆ ಅನ್ನುತ್ತೇವೆ. ಅದನ್ನೂ ಜನರ ಮುಂದೆ ತಂದು ನಿಲ್ಲಿಸಿ, ತಪ್ಪು ನಿನ್ನದಲ್ಲ, ದಾರಿಯದು, ಕಡಿವಾಣದ್ದು, ಮುಂದಿನ ವರ್ಷ ನೀನೇ ಮೊದಲು ಎಂದು ನಾಲ್ಕು ಸಾಲು ಹಾಡಿ ಕಳಿಸುತ್ತೇವೆ. ಜನ ಆ ಹೊತ್ತಿಗೆ ಐರಗ್ ಕುಡಿಯಲು ಹೊರಟಿರುತ್ತಾರೆ. ಹುಳಿ ಬಂದ ಕುದುರೆಹಾಲಿನ ಬೋಗುಣಿ ಕೈಗೆ ಬಂದ ಮೇಲೆ ಕೊನೆಯ ಕುದುರೆಯ ಮಾತು ಯಾರಿಗೆ ಬೇಕು? ನನಗೆ ಖುಷಿಯೋ ಖುಷಿ.

ನನ್ನ ಚಾಡಿ ಜಾಂಬಲನಿಗೆ ಮುಟ್ಟಿಯೇ ಇತ್ತು. ನಮ್ಮಲ್ಲಿ ಗುಟ್ಟು ಎಂಬುದು ಗುಡಾರದ ಹೊಗೆಯ ಹಾಗೆ, ಎಲ್ಲರಿಗೂ ಕಾಣುತ್ತದೆ. ಎದುರಾದಾಗ ನಾನೇ ಅಳುಕಿದೆ. ಅವನು ಮಸಿ ಮೆತ್ತಿದ ಮುಖದಲ್ಲಿ ನಕ್ಕು, "ಒಳ್ಳೇದೇ ಆಯ್ತು ಮೇಷ್ಟ್ರೇ. ಗೆದ್ದ ಕುದುರೆಗೆ ನಾನೇನ್ ಹೇಳ್ಲಿ, ಅದಕ್ಕೆ ಆಗಲೇ ಎಲ್ಲಾ ಗೊತ್ತಿರುತ್ತೆ" ಅಂದ. ಕುಹಕವೋ ನಿಜವೋ ತಿಳಿಯಲಿಲ್ಲ. ಕುಹಕವಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಹಬ್ಬಕ್ಕೆ ಒಂದು ವಾರವಿದ್ದಾಗ ಮಿಚಿದ್ ಬಂದು, ಎಡಗಾಲೂರುವ ರಿಕಾಪನ್ನು ಜೀನಿಗೆ ಕಟ್ಟುವ ತೊಗಲಿನ ಪಟ್ಟಿ ಸವೆದಿದೆ, ನೋಡು ಅಂದಳು. ನಾಳೆ ನೋಡುತ್ತೇನೆ ಅಂದೆ. ಎರಡು ದಿನ ಬಿಟ್ಟು ಮತ್ತೆ ಬಂದಳು. ಸಿಡಿಲಿನ ಸಾಲಿಗೂ ಕಡಲಿನ ಸಾಲಿಗೂ ಪ್ರಾಸ ಕೂಡದೆ ಒದ್ದಾಡುತ್ತಿದ್ದೆ, ನಾಳೆ ಅಂದೆ. ಮೂರನೇ ಸಲ ಅವಳು ಪಟ್ಟಿಯನ್ನೇ ತಂದು ನನ್ನ ಕಾಗದದ ಮೇಲೆ ಇಟ್ಟಳು. ತೊಗಲಿನ ದಾರ ಹುಡುಕಲು ಎದ್ದರೆ ಸಾಲು ತಪ್ಪಿಹೋಗುತ್ತಿತ್ತು. ಮೇಜಿನ ಮೇಲೆ ಉತ್ತರಪತ್ರಿಕೆ ಕಟ್ಟುವ ಬಿಳಿ ಹತ್ತಿದಾರ ಇತ್ತು. ಅದರಲ್ಲೇ ನಾಲ್ಕು ಹೊಲಿಗೆ ಹಾಕಿ ಕೊಟ್ಟೆ. ಅವಳು ದಾರವನ್ನು ನೋಡಿದಳು, ನನ್ನನ್ನು ನೋಡಿದಳು, ಹೋದಳು.

ಓಟದ ದಿನ ಎಪ್ಪತ್ತು ಮರಿಗಳು ಹೊರಟವು. ಹನ್ನೆರಡು ಕಿಲೋಮೀಟರ್ ಆಚೆ ಹೋಗಿ ಅಲ್ಲಿಂದ ತಿರುಗಿ ಓಡಿ ಬರಬೇಕು. ನಾನು ಗುರಿಯ ಹಗ್ಗದ ಬಳಿ ಹೊಸ ನೀಲಿ ನಿಲುವಂಗಿ ಹಾಕಿಕೊಂಡು, ತುಟಿಯಲ್ಲೇ ಸಾಲು ತಿರುವುತ್ತ ನಿಂತಿದ್ದೆ. ಜಾಂಬಲ್ ಕಾಣಲಿಲ್ಲ. ಯಾರದೋ ಮುದಿ ಕುದುರೆ ಕೇಳಿ ತೆಗೆದುಕೊಂಡು ಹುಡುಗರ ಜತೆ ಅವನೂ ಹೋದ ಅಂದರು. ಕೊನೆಯದರ ಬಗ್ಗೆ ಹೇಳಬೇಕಾದರೆ ಕೊನೆಯದನ್ನು ನೋಡಬೇಕಲ್ಲ ಅಂದನಂತೆ. ಎಂಥ ಹುಚ್ಚ ಎಂದುಕೊಂಡೆ. ನಾಲ್ಕು ಸಾಲಿಗೆ ಹನ್ನೆರಡು ಕಿಲೋಮೀಟರ್ ಧೂಳು ಕುಡಿಯುತ್ತಾನೆಯೇ ಯಾರಾದರೂ?

ಧೂಳಿನೊಳಗಿಂದ ಮೊದಲು ಬಂದದ್ದು ಮುಖ್ಯಸ್ಥರ ಬಿಳಿ ಮರಿ. ಅದನ್ನು ತಂದು ನಿಲ್ಲಿಸಿದರು, ಬೋಗುಣಿ ಎತ್ತಿಕೊಂಡು ನಾನು ಹಾಡಲು ಶುರುಮಾಡಿದೆ. ಗಂಟಲು ಚೆನ್ನಾಗಿತ್ತು. ಸಿಡಿಲು ಬಂತು, ಬೆಳ್ಳಿಚುಕ್ಕಿ ಬಂತು, ಜನ ತಲೆದೂಗಿದರು. ಅರ್ಧದಲ್ಲಿ ಆ ತಲೆಗಳೆಲ್ಲ ಒಂದೊಂದಾಗಿ ನನ್ನ ಬೆನ್ನ ಹಿಂದಿನ ಬಯಲಿನ ಕಡೆ ತಿರುಗತೊಡಗಿದವು. ನಾನೂ ತಿರುಗಿದೆ. ಎಲ್ಲ ಮರಿಗಳೂ ಬಂದಾದ ಮೇಲೆ ಒಂದೇ ಒಂದು ಮರಿ ಕುಂಟುನಡಿಗೆಯಲ್ಲಿ ಬರುತ್ತಿತ್ತು, ಅದರ ಹಿಂದೆ ಒಂದು ಮುದಿ ಕುದುರೆ. ಮರಿಯ ಮೇಲಿದ್ದವಳ ಒಂದು ಕಾಲು ರಿಕಾಪಿನಲ್ಲಿತ್ತು, ಇನ್ನೊಂದು ಗಾಳಿಯಲ್ಲಿ ತೂಗುತ್ತಿತ್ತು. ಹರಿದ ಪಟ್ಟಿಯನ್ನೂ ಕಬ್ಬಿಣದ ರಿಕಾಪನ್ನೂ ಎದೆಗವಚಿ ಹಿಡಿದುಕೊಂಡಿದ್ದಳು. ನನ್ನ ಮಗಳು.

ಬೋಗುಣಿ ಕೆಳಗಿಟ್ಟು ಓಡಿಹೋಗಬೇಕಿತ್ತು. ನಾನು ಇನ್ನೂ ಆರು ಸಾಲು ಹಾಡಿದೆ. ಕಡಲಿನ ಸಾಲನ್ನೂ ಬಿಡಲಿಲ್ಲ.

ಆಮೇಲೆ ತುಂಬುಹೊಟ್ಟೆಯನ್ನು ತಂದು ನಿಲ್ಲಿಸಿದರು. ಯಾರೂ ಐರಗ್ ಕಡೆ ಹೋಗಲಿಲ್ಲ. ಮಿಚಿದ್ ಅಳುತ್ತಿರಲಿಲ್ಲ, ತುಟಿ ಕಚ್ಚಿಕೊಂಡು ಮರಿಯ ಕಿವಿಗಳ ನಡುವೆ ನೋಡುತ್ತಿದ್ದಳು. ಮುಂದಿನ ಸಾಲಿನವರಿಗೆ ಪಟ್ಟಿಯ ತುದಿಯಲ್ಲಿ ಬಿಳಿ ದಾರದ ಎಳೆ ನೇತಾಡುವುದು ಕಾಣುವಂತಿತ್ತು. ಮೇಷ್ಟ್ರ ದಾರ ಅದು, ಹೋಬಳಿಯಲ್ಲಿ ಓದಿದ ಪ್ರತಿಯೊಬ್ಬನಿಗೂ ಗೊತ್ತು. ಜಾಂಬಲ್ ಈಗ ಒಂದು ಮಾತು ಆಡಿದರೆ ಸಾಕಿತ್ತು. ಸುಳ್ಳು ಕೂಡ ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಸಾಕಿತ್ತು, ನಾನು ಆ ನೀಲಿ ನಿಲುವಂಗಿಯಲ್ಲೇ ಹೂತುಹೋಗುತ್ತಿದ್ದೆ. ಜಾಂಬಲ್ ಕುದುರೆಯಿಂದ ಇಳಿದು ಬಂದು ಅವಳ ಕೈಯಿಂದ ಪಟ್ಟಿಯನ್ನು ತೆಗೆದುಕೊಂಡ. ದಾರದ ತುದಿ ಒಳಗೆ ಸೇರುವ ಹಾಗೆ ಮುಷ್ಟಿಗೆ ಸುತ್ತಿಕೊಂಡ. ಆ ಮುಷ್ಟಿಯನ್ನು ಎತ್ತಿ ಹಿಡಿದು ಹಾಡಿದ:

"ಸೋತು ಬಂದಿಲ್ಲ ಈ ಮರಿ, ಸುತ್ತು ನೋಡಿ ಬಂದಿದೆ!
ಮುಂದೆ ಓಡಿದವಕ್ಕೆ ಕಂಡದ್ದು ಬರೀ ದಾರಿ,
ಹಿಂದೆ ಉಳಿದ ಇದಕ್ಕೆ ಕಂಡದ್ದು ಇಡೀ ನಾಡು!
ಎಪ್ಪತ್ತು ಕುದುರೆ ಎಬ್ಬಿಸಿದ ಧೂಳನ್ನ
ಊರಿನ ಚಹಾಕ್ಕೆ ಬೀಳದ ಹಾಗೆ ಒಂದೇ ಉಸಿರಲ್ಲಿ ನುಂಗಿದೆ,
ಹೊಟ್ಟೆ ತುಂಬಿದೆ ನೋಡಿ, ಬೇಕಾದ್ರೆ ಮುಟ್ಟಿ ನೋಡಿ!
ಏಳು ಎತ್ತಿನ ತೊಗಲು ಏಳು ಚಳಿಗಾಲ ಹದ ಮಾಡಿ
ಮೇಷ್ಟ್ರು ಕೈಯಾರೆ ಹೊಲಿದ ಪಟ್ಟಿ ಇದು,
ಈ ಮರಿ ಒಮ್ಮೆ ಎದೆಯುಬ್ಬಿಸಿದ್ದಕ್ಕೆ ಹರಿಯಿತು!
ಒಂದೇ ಕಾಲೂರಿ ಬಂದಳು ಈ ಹುಡುಗಿ,
ಎರಡೂ ಊರಿದ್ದರೆ ಕುದುರೆ ಹಾರುತ್ತಿತ್ತು, ನಾವು ಯಾರನ್ನ ಹೊಗಳೋದು?
ಬರುವ ವರ್ಷ ಇದರ ಮುಂದೆ ಓಡಬಲ್ಲದ್ದು ಇದರ ನೆರಳೊಂದೇ,
ಅದೂ ಸಂಜೆ ಹೊತ್ತು ಪೂರ್ವಕ್ಕೆ ಓಡಿದರೆ!"

ಜನ ಕೇಕೆ ಹಾಕಿದರು. ಒಬ್ಬ ಮುದುಕ ನಿಜವಾಗಿಯೂ ಬಂದು ಮರಿಯ ಹೊಟ್ಟೆ ಮುಟ್ಟಿ ನೋಡಿದ. ನಾನು ಯಾರನ್ನೂ ನೋಡುತ್ತಿರಲಿಲ್ಲ, ಮಿಚಿದ್‌ಳ ಬಾಯಿಯನ್ನು ನೋಡುತ್ತಿದ್ದೆ. ಕಚ್ಚಿಕೊಂಡಿದ್ದ ತುಟಿ ಸಡಿಲವಾಯಿತು, ಬಾಯಿ ತೆರೆಯಿತು, ಏಳು ಎತ್ತಿನ ಹತ್ತಿರ ಬಂದಾಗ ಅವಳು ಕುದುರೆಯ ಮೇಲೇ ಬಿದ್ದು ಬಿದ್ದು ನಕ್ಕಳು. ಅವನು ನನ್ನ ಮಾನ ಉಳಿಸಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು. ಎರಡೂ ಒಟ್ಟಿಗೆ ಆಗುತ್ತವೆ ಎಂದು ಯಾವ ಪಠ್ಯದಲ್ಲೂ ಇಲ್ಲ, ಆದರೆ ಆಗುತ್ತವೆ.

ಗುಂಪು ಚದುರಿದ ಮೇಲೆ ಅವನು ಪಕ್ಕಕ್ಕೆ ಬಂದು ಪಟ್ಟಿಯನ್ನು ನನ್ನ ನಿಲುವಂಗಿಯ ಎದೆಯೊಳಗೆ ತುರುಕಿದ. "ಒಳಗಿಟ್ಕೊಳ್ಳಿ ಮೇಷ್ಟ್ರೇ" ಅಂದ, ಅಷ್ಟೇ. ಕೃತಜ್ಞತೆ ಹೇಳಲು ನನಗೆ ಬಾಯಿ ಬರಲಿಲ್ಲ. ಹನ್ನೊಂದು ವರ್ಷ ಕುದುರೆಗಳನ್ನು ಹೊಗಳಿದ ಬಾಯಿ.

ಮನೆಯಲ್ಲಿ ಮಿಚಿದ್ ಮರಿಯ ಬೆನ್ನು ಉಜ್ಜುತ್ತ ಏಳು ಎತ್ತು, ಏಳು ಚಳಿಗಾಲ ಎಂದು ಗುನುಗುತ್ತಿದ್ದಳು. ನಾನು ತಡೆಯಲಾರದೆ ಅಂದೆ: "ಅವನು ಹೇಳಿದ್ದು ಸುಳ್ಳು ಮಗಳೇ. ಅದು ಪರೀಕ್ಷೆ ಪೇಪರ್ ಕಟ್ಟೋ ದಾರ."

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಗೊತ್ತು. ಮಾಮಂಗೂ ಗೊತ್ತು. ಪಟ್ಟಿ ಹರಿದಾಗ ಅವರು ಪಕ್ಕದಲ್ಲೇ ಇದ್ರು. ಇಳಿದುಬಿಡ್ತೀಯಾ ಅಂತ ಕೇಳಿದ್ರು, ಇಲ್ಲ ಅಂದೆ. ಆಮೇಲೆ ಕೊನೇವರೆಗೂ ಹಿಂದೇನೇ ಬಂದ್ರು." ಮತ್ತೆ ಸ್ವಲ್ಪ ಹೊತ್ತು ಉಜ್ಜಿದಳು. "ನೀನು ಎಲ್ಲಿದ್ದೆ ಅಪ್ಪ?"

ಹಗ್ಗದ ಹತ್ತಿರ ಅಂದೆ. ಅವಳು ಹೂಂ ಅಂದಳು. ದೂರಲಿಲ್ಲ. ದೂರಿದ್ದರೆ ನಾನು ತಿರುಗಿ ಬೈಯಬಹುದಿತ್ತು.

ಮರುವರ್ಷ ಗೆದ್ದ ಕುದುರೆಗೆ ನೀನೇ ಹಾಡು ಎಂದು ನಾನೇ ಹೋಗಿ ಅವನಿಗೆ ಹೇಳಿದೆ. ಒಲ್ಲೆ ಅಂದ. ಅವನು ಸಾಯುವತನಕ ನಮ್ಮ ಹೋಬಳಿಯಲ್ಲಿ ತುಂಬುಹೊಟ್ಟೆಗೆ ಅವನೇ ಹಾಡಿದ. ಪ್ರತಿ ಸಲವೂ ಒಂದು ಮುದಿ ಕುದುರೆ ಕೇಳಿ ತೆಗೆದುಕೊಂಡು ಹಿಂದೆ ಹಿಂದೆ ಹೋಗಿ, ನೋಡಿಕೊಂಡು ಬಂದು ಹಾಡಿದ. ಗೆದ್ದದ್ದಕ್ಕೆ ನಾನು ಹಾಡುವಾಗ ಜನ ಐರಗ್ ಕುಡಿದು ಮುಗಿಸುತ್ತಿದ್ದರು, ಅವನ ಹೊತ್ತಿಗೆ ಬಾಯಿ ಒರೆಸಿಕೊಂಡು ಬಂದು ನಿಲ್ಲುತ್ತಿದ್ದರು. ಅದನ್ನು ಹದಿನೆಂಟು ವರ್ಷ ಕಣ್ಣಾರೆ ಕಂಡವನು ನಾನು. ಹೊಟ್ಟೆಕಿಚ್ಚು ಇಳಿಯಿತು ಎಂದು ಬರೆದರೆ ಅದು ಅತಿಶಯೋಕ್ತಿಯೂ ಆಗುವುದಿಲ್ಲ, ಸುಳ್ಳಾಗುತ್ತದೆ.

ಆದರೂ ಸತ್ತವನ ಋಣ ಎಂದುಕೊಂಡು, ಈ ಪುಟಗಳ ಕೊನೆಗೆ ಅವನ ಮೇಲೆ ನಾನೇ ಒಂದು ಹೊಗಳಿಕೆ ಕಟ್ಟೋಣ ಎಂದು ನಿನ್ನೆ ಬೆಳಿಗ್ಗೆ ಕೂತೆ. ಸಿಡಿಲು, ಸಮುದ್ರ ಏನೂ ಬೇಡ, ಅವನ ಹಾಗೇ ಚಿಕ್ಕದೊಂದು ನಿಜದಿಂದ ಶುರುಮಾಡೋಣ, ಆ ಕೈಯಿಂದ, ದಕ್ಷಿಣಕ್ಕೆ ಹಾರಿಹೋದ ಎರಡು ಬೆರಳಿನಿಂದ ಎಂದು ಪೆನ್ನು ಎತ್ತಿದೆ. ಯಾವ ಕೈ? ಕಣ್ಣು ಮುಚ್ಚಿದೆ. ಸಲಿಕೆ ಹಿಡಿದ ಕೈ, ಪಟ್ಟಿ ಸುತ್ತಿದ ಮುಷ್ಟಿ, ನನ್ನ ಎದೆಯೊಳಗೆ ತುರುಕಿದ ಕೈ. ಎಡವೋ ಬಲವೋ ಬರಲೇ ಇಲ್ಲ. ಎದ್ದು ಪಟ್ಟಣದಲ್ಲಿರುವ ಮಿಚಿದ್‌ಗೆ ಫೋನು ಮಾಡಿದೆ. ಅವಳು ಅರೆಗಳಿಗೆಯೂ ಯೋಚಿಸಲಿಲ್ಲ.

"ಎಡಗೈ. ಕಿರುಬೆರಳು, ಅದರ ಪಕ್ಕದ್ದು. ಅಷ್ಟು ವರ್ಷ ಒಂದೇ ಶಾಲೇಲಿ ಇದ್ರಿ, ನೀನು ನೋಡೇ ಇಲ್ವಾ ಅಪ್ಪ?"

ನೋಡಿರಲಿಲ್ಲ. ಅವನು ಮಾತಾಡುವಾಗಲೆಲ್ಲ ನಾನು ಕೇಳುವವರ ಮುಖಗಳನ್ನು ನೋಡುತ್ತಿದ್ದೆ.